ಟೈಪಿಂಗ್ ಮಿಸ್ಸಿನ ಮೂಕ ಲ್ಯಾಪ್‌ಟಾಪ್

ಮಿಸ್ಸಿನ ಬಲಗೈ ಕಿರುಬೆರಳು ತುದಿಯಲ್ಲಿ ಹೊರಕ್ಕೆ ಬಾಗಿತ್ತು. ಟೈಪ್‌ರೈಟರಿನ ಅಂಚಿನ ಕೀಲಿಗಳನ್ನು ವರ್ಷಗಟ್ಟಲೆ ಕುಟ್ಟಿ ಕುಟ್ಟಿ ಹಾಗಾಗಿತ್ತು. ಆ ಬೆರಳು ಸುಮ್ಮನಿದ್ದುದನ್ನು ನಾನು ಕಂಡಿಲ್ಲ. ಹರಿಹರದಿಂದ ದಾವಣಗೆರೆಗೆ ಬಸ್ಸಿನಲ್ಲಿ ಹೋಗುವಾಗಲೂ ತೊಡೆಯ ಮೇಲಿನ ಬ್ಯಾಗನ್ನು ತಟ್ಟುತ್ತಲೇ ಇರುತ್ತಿತ್ತು. ಒಮ್ಮೆ ಕೇಳಿದೆ.

“ಹಿಂದಿನ ಸೀಟಿನಾಗ ಅತ್ತಿ-ಸೊಸಿ ಜಗಳ ನಡದೈತೆ. ಟೈಪ್ ಮಾಡಕತ್ತೀನಿ. ಸುಮ್ನಿರು, ಸೊಸಿ ಸ್ಪೀಡ್ ಜಾಸ್ತಿ ಐತೆ.”

ಹರಿಹರದಲ್ಲಿ ನಮ್ಮ ಪಕ್ಕದ ಮನೆಯ ಪಡಸಾಲೆಯೇ ಅವರ ಟೈಪಿಂಗ್ ಕ್ಲಾಸು. ಯಂತ್ರಗಳು ಹೋಗಿ ಕಂಪ್ಯೂಟರ್ ಬಂದರೂ ಪಾಠ ಬದಲಾಗಲಿಲ್ಲ. ಕೀಲಿ ಕಾಣದ ಹಾಗೆ ಕಲಿಯುವವರ ಕೈಮೇಲೆ ಟವಲ್ ಹೊದಿಸಿ, ಮೂಗಿನಿಂದ ಎಳೆದೆಳೆದು ಡಿಕ್ಟೇಷನ್ ಕೊಡುತ್ತಿದ್ದರು. ಆ ದನಿಯನ್ನು ನಾನು ಬೀದಿಯಲ್ಲಿ ಮಾಡಿ ತೋರಿಸುತ್ತಿದ್ದೆ. ನಾನು ಬಿಟ್ಟವರಿಲ್ಲ: ಕಂಡಕ್ಟರು, ಪೂಜಾರಿ, ನಮ್ಮಪ್ಪನ ಗೊರಕೆ, ಪರೀಕ್ಷೆಯಲ್ಲಿ ಫೇಲಾದಾಗ ಅಳುವ ನಾನು. ಒಂದು ದಿನ ಬೀದಿ ನಗುತ್ತಿರುವಾಗ ಬೆನ್ನ ಹಿಂದಿನಿಂದ ಮಿಸ್ಸಿನ ನಿಜವಾದ ದನಿ ಬಂತು.

“ಲೇ ನಕಲಿ, ನನ್ನ ದನಿ ಅಷ್ಟು ಸಣ್ಣಕಿಲ್ಲ. ಇನ್ನೊಂಚೂರು ಕೆಳಗ ತಗಾ.”

ಕೆಳಗೆ ತಗೊಂಡೆ. ಸರಿಯಾಯಿತು. ಅಂದಿನಿಂದ ನನ್ನ ಹೆಸರು ನಕಲಿ.

ಆ ದನಿ ಒಡೆಯತೊಡಗಿದಾಗ ಮೊದಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೂಗಿ ಕೂಗಿ ಕಟ್ಟಿದೆ ಅಂದುಕೊಂಡರು. ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರು, ಗಂಟಲಿನ ಕ್ಯಾನ್ಸರು, ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಅದೇ ಊರಿನ ಕೆ.ಬಿ. ಬಡಾವಣೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಮಿಸ್ಸಿನ ತಮ್ಮ ಅದೇ ದಿನ ಒಂದು ಸ್ಲೇಟು ತಂದುಕೊಟ್ಟರು. ಅಕ್ಕನ ಮೇಲೆ ಪ್ರಾಣ. ಆದರೆ ಗಿರಾಕಿ ಬಾಯಿ ತೆರೆಯುವ ಮೊದಲೇ ಸೀರೆ ಬಿಚ್ಚಿ ಹಾಸುವ ಮನುಷ್ಯ. ಆಪರೇಷನ್ನಿಗೆ ಮುಂಚೆಯೇ ರೂಢಿಯಾಗಲಿ ಎಂದು ಮಿಸ್ ಸ್ಲೇಟಿನ ಮೇಲೆ “ನೀ” ಎಂದು ಬರೆದರು.

“ನೀರಾ? ಲೇ, ಅಕ್ಕಂಗೆ ನೀರು ತರ್ರೋ!”

ಮಿಸ್ ಬರೆಯಹೊರಟಿದ್ದು ‘ನೀನು ಸುಮ್ನಿರು’ ಅಂತ. ನೀರು ಬಂತು. ಕುಡಿದರು.

ಮರುದಿನ ನಾನು ಕೆಲಸಕ್ಕಿದ್ದ ಕಂಪ್ಯೂಟರ್ ರಿಪೇರಿ ಅಂಗಡಿಗೆ ಒಂದು ಪುಟ್ಟ ಲ್ಯಾಪ್‌ಟಾಪ್ ಹಿಡಿದು ಬಂದರು. ಹಳೆಯದು, ಶಕ್ತಿ ಕಡಿಮೆ. ಅದರ ವಿಂಡೋಸ್‌ನಲ್ಲಿ ಒಂದಕ್ಷರ ಒತ್ತಿದರೆ ಚಹಾ ಕುಡಿದು ಬರುವಷ್ಟರಲ್ಲಿ ಮೂಡುತ್ತಿತ್ತು.

“ಇದ್ರಾಗ ವಿಂಡೋಸ್ ತಗದು ಲಿನಕ್ಸ್ ಹಾಕು. ಹಗುರ ಇರತೈತಂತೆ, ನಮ್ಮ ಹಳೇ ಟೈಪ್‌ರೈಟರ್ ಕೀಲಿಮಣೀನೂ ಸಿಗತೈತಂತೆ. ನಾನು ಮಾತಿನ ಸ್ಪೀಡಿಗೆ ಟೈಪ್ ಮಾಡ್ಬೇಕು, ಅದು ಓದಿ ಹೇಳ್ಬೇಕು.” ಒಡೆದ ದನಿಯನ್ನು ಇನ್ನಷ್ಟು ತಗ್ಗಿಸಿದರು. “ಕತ್ತಿ ಹಾಕಿಸ್ಕಳಾಕ ಹೆದರಿಕಿಲ್ಲೋ. ಆಮ್ಯಾಲೆ ಎಲ್ಲಾರೂ ನನ್ನ ಉತ್ತರ ತಾವೇ ಹೇಳ್ತಾರಲ್ಲ, ಅದ್ಕ ಹೆದರಿಕಿ.”

ನನಗೆ ಲಿನಕ್ಸ್ ಬರುತ್ತದೆ ಎಂಬ ಸುದ್ದಿಯನ್ನು ಊರಿಗೆಲ್ಲ ಹಬ್ಬಿಸಿದವನು ನಾನೇ. ಪೆನ್‌ಡ್ರೈವ್ ಚುಚ್ಚಿದೆ. ಲ್ಯಾಪ್‌ಟಾಪ್ ಅದನ್ನು ಕಂಡೇ ಇಲ್ಲವೆಂಬಂತೆ ಕೂತಿತು. ಒಳಗಿನ ಪ್ರೊಸೆಸರ್ ಅರವತ್ತನಾಲ್ಕು ಬಿಟ್‌ನದು. ಆದರೆ ಅದನ್ನು ಬೆಳಗ್ಗೆ ಎಬ್ಬಿಸುವ ಫರ್ಮ್‌ವೇರ್ ಮೂವತ್ತೆರಡರದ್ದು. ಅರವತ್ತನಾಲ್ಕರ ಲಿನಕ್ಸ್ ಬಂದು ಬಾಗಿಲು ಬಡಿದರೆ ಈ ಫರ್ಮ್‌ವೇರಿಗೆ ಅದರ ಗುರುತೇ ಹತ್ತುವುದಿಲ್ಲ. ಇದನ್ನು ವಿವರಿಸಿದಾಗ ಮಿಸ್ ತಲೆಯಾಡಿಸಿದರು.

“ಅಂದ್ರ ಮನಿ ಯಜಮಾನಿ ಒಬ್ಬಾಕಿ, ಬಾಗಿಲಾಗ ನಿಂತು ಆಕಿ ಪರವಾಗಿ ಇಲ್ಲ ಅನ್ನಾವ ಇನ್ನೊಬ್ಬ. ನಮ್ಮನ್ಯಾಗೂ ಹಂಗೇ ಐತೆ ಬಿಡು.”

ಪೆನ್‌ಡ್ರೈವಿನಲ್ಲಿ ಮೂವತ್ತೆರಡರ ಸಣ್ಣದೊಂದು ಬೂಟ್ ಫೈಲ್ ಸೇರಿಸಿದ ಮೇಲೆ ಅದು ಎದ್ದಿತು. ಹೇಗೆಂದು ತೋರಿಸಿದೆ. ಉಳಿದದ್ದನ್ನು ಮನೆಯಲ್ಲಿ ತಾವೇ ಮಾಡುತ್ತೇನೆಂದು ಒಯ್ದರು. ಇನ್‌ಸ್ಟಾಲ್ ಮುಗಿಯಿತು, ಪೆನ್‌ಡ್ರೈವ್ ಕಿತ್ತು ಮತ್ತೆ ಆನ್ ಮಾಡಿದರೆ ಬರೀ ಕಪ್ಪು ಪರದೆ.

ಆಗ ಮಿಸ್ ಮಾಡಿದ್ದನ್ನು ಟೈಪಿಂಗ್ ಕಲಿಸಿದವರು ಮಾತ್ರ ಮಾಡಲು ಸಾಧ್ಯ. ಅವರ ಕ್ಲಾಸಿನಲ್ಲಿ ಅಳಿಸುವ ಮಾತಿರಲಿಲ್ಲ. ಒಂದಕ್ಷರ ತಪ್ಪಿದರೂ ಹಾಳೆ ಕಿತ್ತು ಹೊಸ ಹಾಳೆ ಹಾಕಿ ಮೊದಲಿಂದ. ಹಾಗೆಯೇ ಡಿಸ್ಕನ್ನು ಪೂರ್ತಿ ಒರೆಸಿ ಮೊದಲಿಂದ ಶುರುಮಾಡಿದರು. ಆ ಬಡಪಾಯಿ ಯಂತ್ರಕ್ಕೆ ಒಂದು ಇನ್‌ಸ್ಟಾಲಿಗೆ ಒಂದು ಮಧ್ಯಾಹ್ನವೇ ಬೇಕು. ಮತ್ತೆ ಕಪ್ಪು, ಮತ್ತೆ ಹೊಸ ಹಾಳೆ. ಆಪರೇಷನ್ ದಿನ ಹತ್ತಿರಾಗುತ್ತಿತ್ತು, ದನಿ ದಿನಕ್ಕಿಷ್ಟು ಸವೆಯುತ್ತಿತ್ತು. ಒಮ್ಮೆ ನಾನು ಹೋದಾಗ ಪರದೆಯನ್ನು ದಿಟ್ಟಿಸುತ್ತಾ ಕೂತಿದ್ದರು, ಕಣ್ಣು ತುಂಬಿತ್ತು. ಏನಾದರೂ ನಕಲು ಮಾಡಿ ನಗಿಸುವುದನ್ನು ಬಿಟ್ಟು ಲ್ಯಾಪ್‌ಟಾಪನ್ನು ನನ್ನ ಕಡೆಗೆ ಎಳೆದುಕೊಂಡೆ.

ನೋಡಿದರೆ ಹಾಕಿದ್ದೆಲ್ಲ ಸರಿಯಾಗಿಯೇ ಇತ್ತು. ಇನ್‌ಸ್ಟಾಲರ್ ಪ್ರತಿ ಸಲ ಲಿನಕ್ಸನ್ನು ಎಬ್ಬಿಸಲು ಅರವತ್ತನಾಲ್ಕರ ಬೂಟ್ ಲೋಡರನ್ನೇ ಡಿಸ್ಕಿನಲ್ಲಿ ಕೂರಿಸುತ್ತಿತ್ತು. ಅದೊಂದನ್ನು ಮೂವತ್ತೆರಡರದ್ದಕ್ಕೆ ಬದಲಿಸಿದರೆ ಸಾಕಿತ್ತು.

“ಅಂದ್ರ ಒಂದಕ್ಷರದ ತಪ್ಪಿಗೆ ಇಷ್ಟು ದಿನ ಇಡೀ ಹಾಳಿ ಹರಿದ್ನಾ?”

“ಇದು ಪರೀಕ್ಷೆ ಅಲ್ಲ ಮಿಸ್. ತಿದ್ದಿದ್ರೂ ನಡಿತೈತೆ.”

ಅವರು ಕ್ಲಾಸಿನ ಟವಲನ್ನು ಮಡಚಿಟ್ಟರು. ಆಮೇಲೆ, “ಈ ಬುದ್ಧಿ ನಂಗ ಮೊದ್ಲೇ ಯಾರಾರ ಹೇಳಿದ್ರ, ಎಷ್ಟು ಹುಡುಗ್ರು ಪಾಸಾಗ್ತಿದ್ರೋ” ಎಂದರು.

ಆಸ್ಪತ್ರೆ ಸೇರುವ ಹಿಂದಿನ ದಿನ ಲಿನಕ್ಸ್ ಎದ್ದಿತು. ಅದರ ಕೀಲಿಮಣೆ ಇಕ್ಕಟ್ಟೆಂದು ಕ್ಲಾಸಿನ ದೊಡ್ಡ ಕೀಲಿಮಣೆಯ ವೈರು ಚುಚ್ಚಿಕೊಂಡರು. ಬೆರಳು ಓಡಿದ ಹಾಗೇ ಅಕ್ಷರ ಮೂಡಿದವು. ದನಿ ಮಾತ್ರ ಬರಲಿಲ್ಲ. ಲಿನಕ್ಸಿಗೆ ಆ ಲ್ಯಾಪ್‌ಟಾಪಿನ ಸೌಂಡ್ ಸಿಗಲೇ ಇಲ್ಲ. ಬ್ಲೂಟೂತ್ ಸ್ಪೀಕರ್ ಕಟ್ಟಿದೆ. ಯಂತ್ರ ಓದಿದ ಕನ್ನಡ ಕೇಳಿ ಮಿಸ್ ಬೇಡವೆಂದು ಕೈ ಆಡಿಸಿದರು. “ಇದು ನನಗಿಂತ ಮೊದ್ಲೇ ಸತ್ತಂಗೈತೆ. ತಗಿ. ಮೂಕಾಗೇ ಇರ್ಲಿ, ನನಗ ತಕ್ಕ ಜೋಡಿ.”

ಅವರ ಗಂಟಲಿನಿಂದ ನಾನು ಕೇಳಿದ ಕೊನೆಯ ಮಾತು ಅದು.

ಆಪರೇಷನ್ ಆದಮೇಲೆ ಅವರು ಟೈಪ್ ಮಾಡುವುದು, ನಾನು ಅವರದೇ ದನಿಯಲ್ಲಿ ಗಟ್ಟಿಯಾಗಿ ಓದುವುದು ನಡೆಯಿತು. ಮನೆಗೆ ಬಂದವರು ಒಂದು ಕಣ್ಣಲ್ಲಿ ಅಳುತ್ತಾ ಇನ್ನೊಂದರಲ್ಲಿ ನಗುತ್ತಿದ್ದರು. ತೊಂದರೆ ಒಂದೇ: ನಾನು ಓದಿದ್ದನ್ನು ಯಾರೂ ನಂಬುತ್ತಿರಲಿಲ್ಲ. ನನ್ನ ಕೀರ್ತಿ ಅಂಥದ್ದು.

ಕೆಲವು ತಿಂಗಳಲ್ಲಿ ರೋಗ ಮರಳಿತು. ಇನ್ನೊಂದು ಆಪರೇಷನ್ ಮಾಡಬಹುದು, ಗ್ಯಾರಂಟಿ ಇಲ್ಲ ಎಂದರು ಡಾಕ್ಟರು. ತಮ್ಮನದು ತಕ್ಷಣದ ಉತ್ತರ. “ಮಾಡ್ರಿ ಡಾಕ್ಟ್ರೇ. ಅಕ್ಕಂದೂ ಅದೇ ಇಚ್ಛೆ.”

ಮಿಸ್ ಟೈಪ್ ಮಾಡಿದರು. ನಾನು ಓದಿದೆ. “ಬ್ಯಾಡ. ನನ್ನನ್ನ ಕೇಳ್ರಿ.”

“ಇವನ ಮಾತು ಹಚ್ಕೋಬ್ಯಾಡ್ರಿ. ಇವ್ನು ನಕಲಿ, ತಾನೇ ಏನೇನೋ ಸೇರಸ್ತಾನೆ” ಎಂದರು ತಮ್ಮ.

ಮಿಸ್ ನನ್ನ ಮೊಣಕೈ ಹಿಡಿದು ಹಿಂದೆ ಸರಿಸಿದರು. ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಪೂರಾ ತಿರುಗಿಸಿ ಪರದೆಯನ್ನು ಡಾಕ್ಟರ ಮುಖಕ್ಕೆ ಮಾಡಿದರು. ವೈರಿನ ಕೀಲಿಮಣೆಯನ್ನು ತೊಡೆಯ ಮೇಲಿಟ್ಟು ಅದರ ಮೇಲೆ ಸೆರಗು ಹೊದಿಸಿದರು. ಸೆರಗಿನೊಳಗೆ ಬೆರಳು ಓಡತೊಡಗಿದವು. ಕೀಲಿ ನೋಡಲಿಲ್ಲ, ಪರದೆಯಂತೂ ಅವರಿಗೆ ಕಾಣುವಂತಿರಲಿಲ್ಲ. ನೋಡುತ್ತಿದ್ದುದು ಡಾಕ್ಟರ ಕಣ್ಣುಗಳನ್ನೇ.

ಮಿಸ್ಸಿನ ತಮ್ಮ ಬಗ್ಗಿ ಪರದೆ ನೋಡಲು ಹೋದರು. ಡಾಕ್ಟರು ಕೈ ಅಡ್ಡ ಹಿಡಿದರು.

“ಹೌದು” ಎಂದರು ಡಾಕ್ಟರು. ಬೆರಳುಗಳ ಸದ್ದು. “ಇಲ್ಲಮ್ಮ, ಇಷ್ಟೇ ದಿನ ಅಂತ ಹೇಳೋಕೆ ಬರಲ್ಲ.” ಮತ್ತೆ ಸದ್ದು, ಬಹಳ ಹೊತ್ತು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. “ನೋವಾಗದ ಹಾಗೆ ನೋಡ್ಕೋಬಹುದು. ಮನೇಲೇ ಇರಿ.” ಆಮೇಲೆ ತಮ್ಮನ ಕಡೆ ತಿರುಗಿದರು. “ಅವರು ಬೇಡ ಅಂದಿದಾರೆ. ನಾನು ಮಾಡಲ್ಲ.”

ಮಿಸ್ ಲ್ಯಾಪ್‌ಟಾಪ್ ಮುಚ್ಚಿದರು. ಬಸ್ಸಿನಲ್ಲಿ ಅವರ ತಮ್ಮ ಹರಿಹರದವರೆಗೂ ಅಕ್ಕನ ಕೈ ಹಿಡಿದುಕೊಂಡೇ ಕೂತಿದ್ದರು.

ಮಿಸ್ ಟೈಪಿಂಗ್ ಕ್ಲಾಸಿನ ಪಡಸಾಲೆಯಲ್ಲೇ ತೀರಿಕೊಂಡರು. ಕಾರ್ಯ ಮುಗಿದ ಮೇಲೆ ತಮ್ಮ ನನ್ನನ್ನು ಕರೆದರು. ಡಾಕ್ಟರಿಗೆ ಅಕ್ಕ ಅಷ್ಟುದ್ದ ಏನು ಹೇಳಿದಳೋ ನೋಡಬೇಕು, ತೆಗೆ ಎಂದರು. ತೆಗೆದು ಹುಡುಕಿದೆ. ಏನೂ ಇರಲಿಲ್ಲ. ಮಿಸ್ ಯಾವುದನ್ನೂ ಸೇವ್ ಮಾಡುತ್ತಿರಲಿಲ್ಲ. ಆಡಿದ ಮಾತನ್ನು ಯಾರು ಕೂಡಿಡುತ್ತಾರೆ? ಖಾಲಿ ಪುಟದ ಎದುರು ಮಿಸ್ಸಿನ ತಮ್ಮ ಕೂತೇ ಇದ್ದರು.

“ನೀನಾರ ಒಂದ್ಸಲ ಆಕಿ ದನಿಯಾಗ ಹೇಳೋ. ಏನಂದಿರ್ಬಹುದು?”

ದನಿ ಗಂಟಲಿಗೆ ಬಂದು ನಿಂತಿತ್ತು. ಸರಿಯಾದ ಎತ್ತರದಲ್ಲೇ ಇತ್ತು, ಒಂಚೂರೂ ತಪ್ಪಿರಲಿಲ್ಲ. ನಾನು ಕೆಮ್ಮಿ ಅದನ್ನು ಕೆಳಕ್ಕೆ ತಳ್ಳಿದೆ.

“ಗೊತ್ತಿಲ್ರಿ ಸಾವ್ಕಾರ್ರೇ” ಎಂದೆ, ನನ್ನದೇ ದನಿಯಲ್ಲಿ. “ಅದನ್ನ ಮಿಸ್ಸೇ ಹೇಳ್ಬೇಕಿತ್ತು.”