ಕತ್ತರಿ ಸಣ್ಣಪ್ಪನ ಕುರಿ ಮಿಷನ್ನು

ತುರುವನೂರಿನಿಂದ ಆಚೆಗಿರುವ ಆ ಹಳ್ಳಿಯಲ್ಲಿ ಬರೀ ಸಣ್ಣಪ್ಪ ಎಂದು ಕೂಗಿದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ, ಯಾಕೆಂದರೆ ಅಲ್ಲಿ ಬೀದಿಗೊಬ್ಬ ಸಣ್ಣಪ್ಪನಿದ್ದ. ಬೀಡಿ ಸಣ್ಣಪ್ಪ, ಕೆಪ್ಪ ಸಣ್ಣಪ್ಪ, ಹೆಂಡತಿಗೆ ಹೆದರುವ ಸಣ್ಣಪ್ಪ. ಈ ಕೊನೆಯ ಹೆಸರು ಎಲ್ಲ ಸಣ್ಣಪ್ಪಂದಿರಿಗೂ ಒಪ್ಪುತ್ತಿತ್ತಾದರೂ ಒಬ್ಬನಿಗೆ ಮಾತ್ರ ಅಂಟಿಕೊಂಡಿತ್ತು. ನಾನು ಹೇಳಹೊರಟವನು ಕತ್ತರಿ ಸಣ್ಣಪ್ಪ.

ಕುರಿಯ ಉಣ್ಣೆ ಕತ್ತರಿಸುವುದರಲ್ಲಿ ಅವನನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ಟಗರನ್ನು ಕೆಡವಿ ತೊಡೆಯ ನಡುವೆ ಸಿಕ್ಕಿಸಿಕೊಂಡು ಕತ್ತರಿ ಆಡಿಸಿದನೆಂದರೆ ಉಣ್ಣೆ ತುಂಡಾಗದೆ ಅಂಗಿ ಕಳಚಿದ ಹಾಗೆ ಇಡಿಯಾಗಿ ಕಳಚಿ ಬರುತ್ತಿತ್ತು. ಟಗರು ಎದ್ದು ನಿಂತು ತನ್ನ ಮೈ ತಾನೇ ನೋಡಿಕೊಂಡು ನಾಚಿಕೊಳ್ಳುತ್ತಿತ್ತು ಎಂದು ಸಣ್ಣಪ್ಪನೇ ಹೇಳುತ್ತಿದ್ದ. ತನ್ನ ಬಗ್ಗೆ ಒಳ್ಳೆಯ ಮಾತು ಆಡುವುದಕ್ಕೆ ಅವನು ಬೇರೆಯವರನ್ನು ಕಾಯುತ್ತಿರಲಿಲ್ಲ.

ಉಣ್ಣೆ ಕತ್ತರಿಸುವ ಕೆಲಸಕ್ಕೆ ಅಲ್ಲಿ ಕೂಲಿ ಇಲ್ಲ, ಮುಯ್ಯಿ ಮಾತ್ರ. ಇವತ್ತು ನನ್ನ ಕುರಿಗೆ ನೀನು ಬಾ, ನಾಳೆ ನಿನ್ನ ಕುರಿಗೆ ನಾನು ಬರುತ್ತೇನೆ. ಮನೆಗೊಂದು ಕತ್ತರಿ ಬರಬೇಕು. ಬಾರದ ಮನೆಯ ಕುರಿಗಳನ್ನು ಯಾರೂ ಮುಟ್ಟುವುದಿಲ್ಲ. ಕೈಲಾಗದ ಗಂಡಸು ಬೇವಿನ ಕಟ್ಟೆಯ ಮುದುಕರ ಸಾಲಿನಲ್ಲಿ ಕುಳಿತು ನೂಲು ತಿರುವುತ್ತಾ ಕೆಮ್ಮಬೇಕು. ಸಣ್ಣಪ್ಪನಿಗೆ ಸಾವಿಗಿಂತ ಆ ಕಟ್ಟೆಯ ಭಯ ಹೆಚ್ಚು.

ಎಮರ್ಜೆನ್ಸಿಯ ಕಾಲದಲ್ಲಿ ಒಂದು ಜಾಲಿಮುಳ್ಳು ಅವನ ಬಲಗೈ ಹೆಬ್ಬೆರಳಿನ ಗೆಣ್ಣಿಗೆ ಹೊಕ್ಕಿತು. ಕೀವಾಯಿತು, ಬಾತಿತು, ಹಚ್ಚದ ಸೊಪ್ಪಿಲ್ಲ, ಕಟ್ಟದ ತಾಯಿತವಿಲ್ಲ. ಕೊನೆಗೆ ನೋವು ಹೋಯಿತು, ಆದರೆ ಬೆರಳು ಮಡಚುವುದನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಯಾರನ್ನೋ ಅಣಕಿಸುವುದಕ್ಕೆ ಎತ್ತಿದ ಹಾಗೆ ಹೆಬ್ಬೆರಳು ಹಗಲೂ ರಾತ್ರಿ ನೆಟ್ಟಗೆ ನಿಂತುಬಿಟ್ಟಿತು. ಕತ್ತರಿ ಒತ್ತಲು ಹೋದರೆ ಜಾರಿ ಬೀಳುತ್ತಿತ್ತು. ಇದು ಗೊತ್ತಿದ್ದದ್ದು ಹೆಂಡತಿ ಸಿದ್ದಕ್ಕನಿಗೆ ಮಾತ್ರ. ಊರಿನವರ ಮುಂದೆ ಸಣ್ಣಪ್ಪ ಕೈಯನ್ನು ಕಂಬಳಿಯೊಳಗೇ ಇಟ್ಟುಕೊಂಡು ಓಡಾಡಿದ. ದೀಪಾವಳಿ ಕಳೆದರೆ ಉಣ್ಣೆ ಕತ್ತರಿಸುವ ದಿನ ಬರುತ್ತದೆ ಎಂಬುದೊಂದೇ ಅವನ ತಲೆಯಲ್ಲಿ ಕೊರೆಯುತ್ತಿತ್ತು.

ಹೀಗಿರುವಾಗ ಚಿತ್ರದುರ್ಗದ ಸಂತೆಪೇಟೆಗೆ ಹೋದವನು ಗುಜರಿ ಅಂಗಡಿಯೊಂದರ ಮುಂದೆ ನಿಂತುಬಿಟ್ಟ. ತುಕ್ಕು ಹಿಡಿದ ಬಕೆಟ್ಟುಗಳ ನಡುವೆ ಹಿಡಿಯಿದ್ದ ಒಂದು ಪುಟ್ಟ ಇಂಜಿನ್ನು ಬಿದ್ದಿತ್ತು.

"ಇದೇನ್ರಿ?" ಎಂದ ಸಣ್ಣಪ್ಪ.

"ಮಿಷನ್ನು," ಎಂದ ಅಂಗಡಿಯವನು.

"ಎಂಥಾ ಮಿಷನ್ನು?"

"ಓಡದಂಥ ಮಿಷನ್ನು. ರಸ್ತೆ ಕಂಟ್ರಾಕ್ಟರ್ ಕ್ಯಾಂಪಿನ ಮಾಲು. ಬೇಕಾದ್ರೆ ತಗ, ಇಲ್ಲಾಂದ್ರೆ ದಾರಿ ಬಿಡು."

ಸಣ್ಣಪ್ಪ ಬಗ್ಗಿ ಇಂಜಿನ್ನನ್ನು ಮುಟ್ಟಿ ನೋಡಿದ. ಕೆಲವು ವರ್ಷ ಹಿಂದೆ ಸರ್ಕಾರಿ ಕುರಿ ಫಾರಮ್ಮಿನಲ್ಲಿ ಸಾಹೇಬರು ಇಂಜಿನ್ನಿನಿಂದ ಟಗರು ಬೋಳಿಸಿ ತೋರಿಸಿದ್ದರು. ಜನರ ಹಿಂದೆ ನಿಂತಿದ್ದ ಅವನಿಗೆ ಕಂಡದ್ದು ಸಾಹೇಬರ ಟೋಪಿ, ಕೇಳಿಸಿದ್ದು ಗರ್ ಎಂಬ ಸದ್ದು. ಆಮೇಲೆ ಬೋಳು ಟಗರು. ನಡುವೆ ನಡೆದದ್ದನ್ನೆಲ್ಲ ಅವನು ಸ್ವಂತ ಬುದ್ಧಿಯಿಂದ ತುಂಬಿಕೊಂಡಿದ್ದ. ಆ ಬುದ್ಧಿ ಈಗ, ಇದು ಅದೇ, ಎಂದಿತು. ಮಾರಲು ತಂದಿದ್ದ ಉಣ್ಣೆಯನ್ನು ಕೊಟ್ಟು ಇಂಜಿನ್ನನ್ನು ಎತ್ತಿಕೊಂಡ.

ಕೋಟೆಯ ಬಂಡೆಯ ಕೆಳಗೆ ತಗಡಿನ ಶೆಡ್ಡಿನಲ್ಲಿ ಮೋಟರ್ ಸೈಕಲ್ಲು ರಿಪೇರಿ ಮಾಡುವ ಓಬಳೇಶಪ್ಪ ಅವನಿಗೆ ಪರಿಚಯ. ಓಬಳೇಶಪ್ಪ ಗೊತ್ತಿಲ್ಲ ಎಂಬ ಮಾತನ್ನು ಹುಟ್ಟಿದಾಗಿನಿಂದ ಆಡಿದವನಲ್ಲ. ಇಂಜಿನ್ನನ್ನು ತಿರುಗಿಸಿ ಮುರುಗಿಸಿ ನೋಡಿ, "ದೋಣಿ ಇಂಜಿನ್ ಇದು," ಎಂದ.

"ದುರ್ಗದಾಗೆ ದೋಣಿ ಎಲ್ಲಿ ಓಡಿಸ್ತಾರಪ್ಪ, ಬಂಡೆ ಮ್ಯಾಲಾ?"

"ಹಂಗಾದ್ರೆ ಔಷಧಿ ಹೊಡಿಯೋ ಪಂಪು."

"ಕುರಿ ಮಿಷನ್ನು ಕಣಯ್ಯ ಇದು. ಉಣ್ಣೆ ಬೋಳಿಸೋದು."

ಓಬಳೇಶಪ್ಪ ಗಲ್ಲ ಕೆರೆದುಕೊಂಡ. ಪಕ್ಕದ ಮುಚ್ಚಳ ಬಿಚ್ಚಿದಾಗ ಒಳಗೊಂದು ಪುಟ್ಟ ಹಲ್ಲುಗಾಲಿ ಕಂಡಿತು. ಇಲ್ಲಿ ಒಂದು ಚೈನು ಓಡಬೇಕು, ಆ ಚೈನು ಸುತ್ತಿ ಓಡುವುದಕ್ಕೆ ಉದ್ದನೆಯ ಕಬ್ಬಿಣದ ಪಟ್ಟಿ ಇರಬೇಕು, ಅವೆರಡೂ ಇಲ್ಲದೆ ಇದು ಹಲ್ಲಿಲ್ಲದ ಬಾಯಿ ಎಂದ. ಅಷ್ಟರ ಮಟ್ಟಿಗೆ ಅವನು ಹೇಳಿದ್ದು ಸರಿಯಾಗಿಯೇ ಇತ್ತು.

ಚೈನು ಸಿಕ್ಕಿದ್ದು ನಾಯಿಯ ಕೊರಳಲ್ಲಿ. ಹೊಸದುರ್ಗದ ಕಡೆಯ ಜುಂಜಪ್ಪ ಕುರಿ ಮೇಯಿಸುತ್ತಾ ಸಣ್ಣಪ್ಪನ ಊರಿನ ಹೊಲಗಳಲ್ಲಿ ಬಿಡಾರ ಹಾಕಿದ್ದ. ತೋಳ ಬಂದರೆ ಮೊದಲು ನಾಯಿಯ ಕುತ್ತಿಗೆಗೇ ಬಾಯಿ ಹಾಕುತ್ತದೆಂದು ಕುರಿಗಾಹಿಗಳು ನಾಯಿಗೆ ಮುಳ್ಳಿನ ಪಟ್ಟಿ ಕಟ್ಟುತ್ತಾರೆ. ಜುಂಜಪ್ಪನ ನಾಯಿ ಸಾಲು ಹಲ್ಲುಗಳಿದ್ದ ಕಬ್ಬಿಣದ ಚೈನನ್ನೇ ಸುತ್ತಿಕೊಂಡು ಪೊಲೀಸನ ಹಾಗೆ ತಿರುಗುತ್ತಿತ್ತು.

"ಎಲ್ಲಿ ಸಿಕ್ತು ಇದು?" ಎಂದ ಸಣ್ಣಪ್ಪ.

"ರಸ್ತೆ ಕ್ಯಾಂಪು ಕಿತ್ತು ಹೋದಾಗ ಬಿಟ್ಟು ಹೋಗಿದ್ರು. ಇದ್ರ ಜೊತಿಗೆ ಒಂದು ಉದ್ದನೆ ಪಟ್ಟೀನೂ ಇತ್ತು. ರೊಟ್ಟಿ ತಿರುವಿ ಹಾಕಾಕೆ ಬಲು ಚೆನ್ನಾಗೈತೆ."

ಸಣ್ಣಪ್ಪ ನಾಯಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಚೈನಿನ ಹಲ್ಲುಗಳನ್ನು ನೋಡಿದ. ಎಡಕ್ಕೊಂದು ಬಲಕ್ಕೊಂದು ಬಾಗಿದ ಪುಟ್ಟ ಅಲಗುಗಳು. ಕತ್ತರಿಯ ಮರಿಗಳೇ ಸರಿ! ಅವನ ಕಣ್ಣಲ್ಲಿ ನೀರು ಬಂತು. ರಸ್ತೆ ಮಾಡುವವರಿಗೆ ಉಣ್ಣೆ ಕತ್ತರಿಸುವ ಮಿಷನ್ನು ಯಾಕೆ ಎಂದು ಜುಂಜಪ್ಪ ಕೇಳಿದ್ದಕ್ಕೆ ಅವನ ಬಳಿ ಉತ್ತರ ಸಿದ್ಧವಿತ್ತು.

"ಕ್ಯಾಂಪಿನವ್ರು ದಿನಾ ಏನು ತಿಂತಿದ್ರು?"

"ಕುರಿ ಬಾಡು."

"ಬೋಳಿಸ್ದೆ ತಿಂತಾರೇನಯ್ಯ?"

ಜುಂಜಪ್ಪನಿಗೆ ಇದು ಒಪ್ಪಿಗೆಯಾಯಿತು. ಒಂದು ಹೊಸ ಕಂಬಳಿಗೆ ಚೈನೂ ಪಟ್ಟಿಯೂ ಕೈ ಬದಲಾದವು. ಕೊಡಲು ಒಪ್ಪದೆ ಗುರ್ರೆಂದದ್ದು ನಾಯಿ ಮಾತ್ರ.

ಶೆಡ್ಡಿನಲ್ಲಿ ಚೈನನ್ನು ಹಲ್ಲುಗಾಲಿಯ ಮೇಲೆ ಕೂರಿಸಿದಾಗ ಅದು ಹುಟ್ಟಿದ ಮನೆಗೆ ಬಂದ ಹಾಗೆ ಕುಳಿತಿತು. ಇನ್ನು ಓಡಿಸಬೇಕು. ಹಳೆಯ ರಾಜದೂತ್ ಬೈಕಿನಿಂದ ಪ್ಲಗ್ಗು ಬಂತು, ಮೂಲೆಗೆ ಬಿದ್ದಿದ್ದ ಮೊಪೆಡ್ಡಿನಿಂದ ಪಿಸ್ಟನ್ನಿನ ಉಂಗುರ ಬಂತು. ಅದನ್ನು ಓಬಳೇಶಪ್ಪ ಅರ ಹಿಡಿದು ಉಜ್ಜಿ ಉಜ್ಜಿ ಸರಿಮಾಡಿದ. ಆದರೆ ಪೆಟ್ರೋಲು ಎಳೆದುಕೊಡುವ ಕಾರ್ಬೊರೇಟರಿನ ಒಳಗೆ ತೆಳ್ಳನೆಯ ಪೊರೆಯೊಂದು ಹರಿದುಹೋಗಿತ್ತು. ಟ್ಯೂಬಿನ ರಬ್ಬರು ಹಾಕಿದರೆ ಪೆಟ್ರೋಲಿಗೆ ಉಬ್ಬಿ ಹಪ್ಪಳವಾಯಿತು. ಓಬಳೇಶಪ್ಪ ಕೈಚೆಲ್ಲಿ ಬೀಡಿ ಹಚ್ಚಿದ. ಸಣ್ಣಪ್ಪ ಊರಿಗೆ ಹೋಗಿ ಕುರಿಯ ಉಚ್ಚೆಚೀಲವನ್ನು ತೊಳೆದು, ಊದಿ, ನೆರಳಲ್ಲಿ ಒಣಗಿಸಿ ತಂದ.

"ಥೂ! ಇದನ್ನ ಇಂಜಿನ್ನಿಗೆ ಹಾಕ್ತಾರೇನೋ?"

"ಜೀವಮಾನವೆಲ್ಲ ಉಚ್ಚೆ ಹಿಡ್ದೈತೆ. ಪೆಟ್ರೋಲು ಹಿಡಿಯಾಕಿಲ್ವಾ? ಹಾಕಯ್ಯ ಸುಮ್ಕೆ."

ಹಿಡಿಯಿತು. ಆಮೇಲೆ ಸಣ್ಣಪ್ಪನನ್ನು ಹಿಡಿಯುವವರೇ ಇರಲಿಲ್ಲ. ಗಾಳಿ ಸೋಸುವ ಜಾಗಕ್ಕೆ ಹಿಂಜಿದ ಉಣ್ಣೆ ತುರುಕಿದ. ಎಳೆದು ಸ್ಟಾರ್ಟು ಮಾಡುವುದಕ್ಕೆ ಮೇಕೆಕೂದಲಿನ ಹಗ್ಗ ಹೊಸೆದ. ಚೈನಿಗೆ ಹರಳೆಣ್ಣೆ ಸುರಿದ. ಇದು ಕುರಿ ಮಿಷನ್ನೇ ಹೌದೋ ಅಲ್ಲವೋ ಎಂದು ಓಬಳೇಶಪ್ಪ ಕೊನೆಗೊಮ್ಮೆ ಅನುಮಾನ ತೆಗೆದಾಗ ಸಣ್ಣಪ್ಪ ರೇಗಿದ. "ಒಳಗೆ ಕುರಿ ಉಚ್ಚೆಚೀಲ, ಮೂಗಿಗೆ ಕುರಿ ಉಣ್ಣೆ, ಇಷ್ಟೆಲ್ಲ ಕುರೀನೇ ಆದ್ಮೇಲೆ ಮಿಷನ್ನು ಯಾರ್ದಯ್ಯ, ನಿಮ್ಮಪ್ಪಂದಾ?"

ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದು ಇಳಿಸಿದಾಗ ಊರಿನಲ್ಲಿ ಬೇರೆಯೇ ಸುದ್ದಿ ಹಬ್ಬಿತು. ಅದು ಗಂಡಸರನ್ನು ಹಿಡಿದು ಮಕ್ಕಳಾಗದ ಆಪರೇಶನ್ ಕ್ಯಾಂಪಿಗೆ ತುಂಬುತ್ತಿದ್ದ ಕಾಲ. ಸಣ್ಣಪ್ಪ ಸರ್ಕಾರದ ಕಡೆಯಿಂದ ಹಲ್ಲಿನ ಮಿಷನ್ನು ತಂದಿದ್ದಾನಂತೆ ಎಂದು ಯಾರೋ ಅಂದದ್ದೇ ತಡ, ಬೀಡಿ ಸಣ್ಣಪ್ಪ ಮೊದಲಾದ ಗಂಡಸರು ಪಂಚೆ ಎತ್ತಿ ಕಟ್ಟಿ ಗುಡ್ಡ ಹತ್ತಿದರು. ಅವರನ್ನು ಇಳಿಸಿಕೊಂಡು ಬರಲು ಹೆಂಗಸರು ಹೋಗಬೇಕಾಯಿತು.

ಉಣ್ಣೆ ಕತ್ತರಿಸುವ ದಿನ ಕುರಿಗಳನ್ನು ಹಳ್ಳದಲ್ಲಿ ತೊಳೆದು ಬೇವಿನ ಕಟ್ಟೆಯ ಎದುರಿನ ರೊಪ್ಪಕ್ಕೆ ಕೂಡಿದ್ದರು. ಮುಳ್ಳುಬೇಲಿಯ ಬಾಗಿಲಿಗೆ ಎರಡು ಜಾಲಿಯ ಕಂಬ. ಮುಯ್ಯಿಯ ಯಜಮಾನ ತಿಪ್ಪೇರುದ್ರಪ್ಪ ಮನೆಮನೆಯ ಕತ್ತರಿ ಬಂತೇ ಎಂದು ವಿಚಾರಿಸುತ್ತಾ ನಿಂತಿದ್ದ. ಸಣ್ಣಪ್ಪನ ಸರದಿ ಬಂದಾಗ ಅವನು ಕಂಬಳಿ ಬಿಚ್ಚಿ ಮಿಷನ್ನು ಎತ್ತಿ ತೋರಿಸಿದ. ಇಸ್ತ್ರಿ ಪ್ಯಾಂಟು ಹಾಕಿಕೊಂಡು ದುರ್ಗದಿಂದ ಬಂದಿದ್ದ ಓಬಳೇಶಪ್ಪ ಮದುಮಗನ ಕಡೆಯವನ ಹಾಗೆ ಪಕ್ಕದಲ್ಲಿ ನಿಂತ.

"ಮೊದ್ಲು ಪಾಳೇಗಾರನ್ನ ತರ್ರಿ," ಎಂದ ಸಣ್ಣಪ್ಪ. ಪಾಳೇಗಾರ ಅವನ ಟಗರು. ತಾಯಿ ಸತ್ತ ಮರಿಯನ್ನು ಬತ್ತಿಯಲ್ಲಿ ಹಾಲು ಕುಡಿಸಿ, ಪಕ್ಕದಲ್ಲಿ ಮಲಗಿಸಿಕೊಂಡು ಸಾಕಿದ್ದ.

ಸಿದ್ದಕ್ಕ ಅಡ್ಡ ಬಂದಳು. "ಟಗರಿನ ಮ್ಯಾಲೆ ಬ್ಯಾಡ. ಕಂಬಳಿ ಮ್ಯಾಲೆ ನೋಡಾಣ ಮೊದ್ಲು. ಅದೂ ಉಣ್ಣೇನೆ ಅಲ್ವಾ?"

ಗಂಡ ಹಲ್ಲು ಕಡಿಯುವುದರೊಳಗೆ ಅವಳು ಅವನ ಹೆಗಲಿನ ಕಂಬಳಿಯನ್ನೇ ಎಳೆದು ಬಾಗಿಲಿನ ಕಂಬಕ್ಕೆ ಹೊದಿಸಿಯಾಗಿತ್ತು. ಓಬಳೇಶಪ್ಪ ಹಗ್ಗ ಸುತ್ತಿ ಎಳೆದ. ಮಿಷನ್ನು ಕೆಮ್ಮಿತು. ಮತ್ತೆ ಎಳೆದ, ಮತ್ತೆ ಕೆಮ್ಮಿತು. ಕಟ್ಟೆಯ ಮುದುಕರು ಅದು ತಮ್ಮ ಪೈಕಿಯೇ ಎಂದು ನಕ್ಕರು. ಆಮೇಲೆ ಅದು ಗರ್ರೆಂದು ಹೊತ್ತಿಕೊಂಡಿತು ನೋಡಿ, ಮುದುಕರೆಲ್ಲ ಎದ್ದು ನಿಂತರು. ಹರಳೆಣ್ಣೆಯ ಹೊಗೆಗೆ ಬಯಲೆಲ್ಲ ಬಾಣಂತಿಕೋಣೆಯ ಹಾಗೆ ನಾರಿತು. ಸಣ್ಣಪ್ಪ ಉಬ್ಬಿಹೋದ. ಹಿಡಿ ಹಿಡಿಯಲು ಹೆಬ್ಬೆರಳು ಮಡಚಬೇಕಾಗಿರಲಿಲ್ಲ!

ಪಟ್ಟಿಯನ್ನು ಕಂಬಳಿಗೆ ಮುಟ್ಟಿಸಿದ. ಚೈನು ಕಂಬಳಿಯನ್ನು ಬೋಳಿಸಲಿಲ್ಲ, ನುಂಗಿತು. ಅಂಚಿನಿಂದ ಹಿಡಿದು ಸರ್ರನೆ ಎಳೆದು, ಸುತ್ತಿ, ಅಗಿದು, ಗಂಟಲಿಗೆ ಸಿಕ್ಕಿಸಿಕೊಂಡು ಸುಮ್ಮನಾಯಿತು. ಜನ ಕೇಕೆ ಹಾಕಿದರು.

"ಕಂಬಳಿ ಸತ್ತ ಉಣ್ಣೆ, ಅದ್ಕೇ," ಎಂದು ಸಣ್ಣಪ್ಪ ಕೂಗಿದ. ಚಿಂದಿಯನ್ನೆಲ್ಲ ಕಿತ್ತು ತೆಗೆದು, ಇನ್ನೊಮ್ಮೆ ಸ್ಟಾರ್ಟು ಮಾಡಿಸಿ, ಪಾಳೇಗಾರನಿದ್ದ ಕಡೆಗೆ ತಿರುಗಿದ. ತಿರುಗುವ ಭರದಲ್ಲಿ ಪಟ್ಟಿ ಬಾಗಿಲಿನ ಕಂಬಕ್ಕೆ ತಾಗಿತು. ಹೊಟ್ಟು ಹಾರಿತು. ಅವನು ಹಿಂದಕ್ಕೆ ಎಳೆದುಕೊಳ್ಳುವುದರೊಳಗೆ ಕಂಬ ಎರಡಾಗಿ, ಬಾಗಿಲು ಕಳಚಿ ಬಿತ್ತು. ತೆರೆದ ದಾರಿಯಲ್ಲಿ ಪಾಳೇಗಾರನ ಮುಂದಾಳತ್ವದಲ್ಲಿ ಊರಿನ ಅಷ್ಟೂ ಕುರಿಗಳು ಹಳ್ಳದ ಕಡೆಗೆ ಓಟ ಕಿತ್ತವು.

ಮಿಷನ್ನು ಆರಿತು. ತಿಪ್ಪೇರುದ್ರಪ್ಪ ಬಿದ್ದ ಕಂಬದ ಕೊಯ್ದ ಮುಖವನ್ನು ಅಂಗೈಯಿಂದ ಸವರಿ ನೋಡಿದ. "ಲೇ ಸಣ್ಣ, ಇದು ಮರ ಕುಯ್ಯೋದು ಕಣೋ. ಟಗರಿಗೆ ಹಿಡ್ದಿದ್ರೆ ಇವತ್ತು ಊರಿಗೆಲ್ಲ ಬಾಡೂಟ ಆಗ್ತಿತ್ತು."

"ನಂಗೆ ಮೊದ್ಲಿಂದ್ಲೂ ಡೌಟಿತ್ತು," ಎಂದ ಓಬಳೇಶಪ್ಪ.

"ಮತ್ಯಾಕಯ್ಯ ಹೇಳ್ಲಿಲ್ಲ?" ಎಂದ ತಿಪ್ಪೇರುದ್ರಪ್ಪ.

"ಸ್ಟಾರ್ಟ್ ಆಗ್ತೈತೆ ಅಂತ ಯಾರು ಕಂಡಿದ್ರು?"

ಎಲ್ಲರೂ ನಕ್ಕರು. ಸಣ್ಣಪ್ಪ ನಗಲಿಲ್ಲ. ಕಂಬವಿದ್ದ ಜಾಗದಲ್ಲಿ ಪಾಳೇಗಾರನ ಕೊರಳು ಅವನಿಗೆ ಕಾಣುತ್ತಿತ್ತು. ಮಿಷನ್ನನ್ನು ಕೆಳಗಿಟ್ಟು ಅಲ್ಲೇ ಕುಳಿತುಬಿಟ್ಟ.

ಕುರಿಗಳನ್ನು ಅಟ್ಟಿಕೊಂಡು ಬರುವ ಹೊತ್ತಿಗೆ ಬಿಸಿಲೇರಿತ್ತು. "ಆಟ ಆತಲ್ಲ, ಎಲ್ಲಿ ನಿನ್ನ ಕತ್ತರಿ?" ಎಂದ ತಿಪ್ಪೇರುದ್ರಪ್ಪ. ಸಣ್ಣಪ್ಪ ಬಲಗೈಯನ್ನು ಎತ್ತಿ ತೋರಿಸಿದ. ನೆಟ್ಟಗೆ ನಿಂತ ಹೆಬ್ಬೆರಳನ್ನು ಊರೆಲ್ಲ ನೋಡಿತು. ಬೇವಿನ ಕಟ್ಟೆಯ ಮೇಲೆ ಒಬ್ಬ ಮುದುಕ ಸರಿದು ಜಾಗ ಮಾಡಿದ. ಆ ಜಾಗ ನೋಡಿ ಸಣ್ಣಪ್ಪನಿಗೆ ಎಲ್ಲರೆದುರು ಅಳು ಬಂತು.

ಸಿದ್ದಕ್ಕ ಬಂದು, ಅವನು ಅಭ್ಯಾಸದಂತೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕತ್ತರಿಯನ್ನು ಎಳೆದುಕೊಂಡಳು. ಸೆರಗನ್ನು ಬಿಗಿದು ಕಟ್ಟಿದಳು. "ನೀನು ಹಿಡ್ಕ. ನಾನು ಕತ್ತರಿಸ್ತೀನಿ."

"ಹೆಂಗಸ್ರು ಕತ್ತರಿ ಹಿಡಿಯೋ ಪದ್ಧತಿ ಇಲ್ಲಮ್ಮ," ಎಂದ ತಿಪ್ಪೇರುದ್ರಪ್ಪ.

"ಮುಯ್ಯಿಗೆ ಮನಿಗೊಂದು ಕತ್ತರಿ ಅಂತ ಐತೆ. ಕತ್ತರಿ ಹಿಂದೆ ಮೀಸೆ ಇರ್ಬೇಕು ಅಂತ ಎಲ್ಲೈತೆ, ತೋರ್ಸ್ರಿ."

ತಿಪ್ಪೇರುದ್ರಪ್ಪ ತನ್ನ ಮೀಸೆಯನ್ನೇ ಸವರಿಕೊಂಡು ಯೋಚಿಸಿದ. ಎಲ್ಲಿಯೂ ಇರಲಿಲ್ಲ. ಹೆಂಡತಿಗೆ ಹೆದರುವ ಸಣ್ಣಪ್ಪ ದೂರದಿಂದಲೇ, ಇಲ್ಲ ಇಲ್ಲ, ಹಂಗೇನೂ ಇಲ್ಲ, ಎಂದು ಕೂಗಿದ.

ಪಾಳೇಗಾರನನ್ನು ಸಣ್ಣಪ್ಪನೇ ಕೆಡವಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಡಿದ. ಹಿಡಿಯುವುದಕ್ಕೆ ಹೆಬ್ಬೆರಳು ಬೇಕಿರಲಿಲ್ಲ, ತೋಳು ಸಾಕಿತ್ತು. "ಚರ್ಮ ಎಳ್ಕ, ಕತ್ತರಿ ಮಲಗ್ಸು, ಅವಸರ ಮಾಡ್ಬ್ಯಾಡ," ಎಂದು ಅವನು ಒಂದೇ ಸಮ ಹೇಳುತ್ತಿದ್ದ. "ಬಾಯಿ ಮುಚ್ಕಂಡು ಕುರಿ ಹಿಡಿ," ಎಂದು ಅವಳು ಒಂದೇ ಸಮ ಬೈಯುತ್ತಿದ್ದಳು. ಉಣ್ಣೆ ಇಡಿಯಾಗಿ ಬರಲಿಲ್ಲ, ಚಿಂದಿ ಚಿಂದಿಯಾಗಿ ಬಂತು. ಎದ್ದು ನಿಂತ ಪಾಳೇಗಾರ ಇಲಿ ಕಡಿದ ಚಾಪೆಯ ಹಾಗಿದ್ದ. ಸಣ್ಣಪ್ಪನಿಗೆ ಅಷ್ಟು ಚೆಂದದ ಟಗರು ಮೊದಲೆಂದೂ ಕಂಡಿರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಸಿದ್ದಕ್ಕನ ಕೈ ಪಳಗಿತು. ಮಿಷನ್ನೂ ಹಾಳಾಗಲಿಲ್ಲ. ಹೊಳಲ್ಕೆರೆ ರಸ್ತೆಯಲ್ಲಿ ಮರ ಬಿದ್ದು ಬಸ್ಸು ನಿಂತರೂ ಸಣ್ಣಪ್ಪನಿಗೆ ಹೇಳಿ ಕಳಿಸುತ್ತಿದ್ದರು. ಉಚ್ಚೆಚೀಲ ಹರಿದಾಗಲೆಲ್ಲ ಹೊಸದು ಹಾಕಿಕೊಂಡು ಅವನು ಹೋಗುತ್ತಿದ್ದ. ಮರ ಕೊಯ್ಯುವ ಮಿಷನ್ನು ಎಂದು ಯಾರಾದರೂ ಬಾಯಿ ತಪ್ಪಿ ಅಂದರೆ ಮಾತ್ರ ಸಿಟ್ಟಾಗುತ್ತಿದ್ದ. ಅದು ಕುರಿ ಮಿಷನ್ನು, ಸದ್ಯಕ್ಕೆ ಮರ ಕೊಯ್ಯುತ್ತಿದೆ ಎನ್ನುತ್ತಿದ್ದ.

ಹೊರಗಿನವರು ಬಂದು ಕತ್ತರಿ ಸಣ್ಣಪ್ಪನ ಮನೆ ಯಾವುದು ಎಂದು ಅವನನ್ನೇ ಕೇಳುವುದಿತ್ತು. "ಕುರಿಗೋ ಮರಕ್ಕೋ?" ಎಂದು ಅವನು ವಿಚಾರಿಸುತ್ತಿದ್ದ. ಮರಕ್ಕೆ ಎಂದರೆ ಕಂಬಳಿ ಕೊಡವಿ ಏಳುತ್ತಿದ್ದ. ಕುರಿಗೆ ಎಂದರೆ ಮನೆಯ ಕಡೆ ತಿರುಗಿ, "ಲೇ ಕತ್ತರಿ, ನಿನ್ನ ಕೇಳ್ಕಂಡು ಬಂದವ್ರೆ ನೋಡು," ಎಂದು ಹೆಂಡತಿಯನ್ನು ಕೂಗುತ್ತಿದ್ದ. ಆಮೇಲೆ ಬಂದವರಿಗೆ, ಕುರಿ ಹಿಡಿಯುವುದಕ್ಕೆ ತಾನೂ ಬರುತ್ತೇನೆ, ತಾನಿಲ್ಲದಿದ್ದರೆ ಅವಳ ಕೈಲಿ ಬೈಸಿಕೊಳ್ಳುವುದಕ್ಕೆ ಯಾರೂ ಇರುವುದಿಲ್ಲ ಎಂದು ಹೇಳಿ ಚಪ್ಪಲಿ ಹುಡುಕುತ್ತಿದ್ದ.