ಮೋನಮ್ಮ ಕುಳಿತರೆ ಮಾತ್ರ ಮುನಿಯುವ ಕೀಲಿಮಣೆ

ಮೋನಮ್ಮ ನಮ್ಮೂರ ಶಾಲೆಯಲ್ಲಿ ನನ್ನ ಶಿಷ್ಯೆ. ಅವಳ ತಂದೆ ತಾಯಪ್ಪ ನಾರಾಯಣಪುರದ ಕಾಲುವೆ ಅಗೆಯುವ ಕಾಲದಲ್ಲಿ ಮಣ್ಣಿನ ಬುಟ್ಟಿ ಹೊತ್ತವನು. ಮಗಳು ಅದೇ ಕಾಲುವೆಯ ಕಚೇರಿಯಲ್ಲಿ ಕುರ್ಚಿಯ ಮೇಲೆ ಕುಳಿತು ಕೆಲಸ ಮಾಡಬೇಕೆಂಬುದು ಅವನ ಹಟವಾಗಿತ್ತು. ಹತ್ತನೆಯ ತರಗತಿ ಮುಗಿದ ಕೂಡಲೆ ಅವಳನ್ನು ಶಹಾಪುರಕ್ಕೆ ಕರೆದೊಯ್ದು, ಅಲ್ಲಾಬಕ್ಷ ಮಾಸ್ತರರ ಬೆರಳಚ್ಚು ಶಾಲೆಗೆ ಸೇರಿಸಿದ.

ಅಲ್ಲಾಬಕ್ಷ ಮಾಸ್ತರರು ಬಲು ಶಿಸ್ತಿನವರು. ಯಂತ್ರದ ಕಡೆ ಕಣ್ಣು ಹೊರಳಿದರೆ ಬೆರಳ ಗಂಟಿಗೆ ಅಡಿಪಟ್ಟಿಯ ಏಟು ಬೀಳುತ್ತಿತ್ತು. ಕಣ್ಣು ಕರಡಿನ ಮೇಲೆಯೇ ಇರಬೇಕು. ಇನ್ನೊಂದು ನಿಯಮವೂ ಇತ್ತು. ಮೇಲಿನ ಅಕ್ಷರಕ್ಕಾಗಿ ಶಿಫ್ಟ್ ಕೀಲಿ ಒತ್ತಿದ ಕಿರುಬೆರಳನ್ನು ಅವಸರದಿಂದ ಎತ್ತಬಾರದು. ಎತ್ತಿದರೆ ಆ ಹಳೆಯ ಯಂತ್ರದಲ್ಲಿ ಅಕ್ಷರವು ಅರ್ಧ ಮೇಲೆ, ಅರ್ಧ ಕೆಳಗೆ ನೇತಾಡುತ್ತಿತ್ತು. ಈ ಎರಡು ನಿಯಮಗಳನ್ನು ಮೋನಮ್ಮ ಎಂದೂ ಮೀರಲಿಲ್ಲ. ಸುರಪುರದಲ್ಲಿ ಕಾಲುವೆಯ ಕಚೇರಿಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಯಂತ್ರ ಹೋಗಿ ಕಂಪ್ಯೂಟರ್ ಬಂದರೂ ಅವಳ ಕುರ್ಚಿ ಬದಲಾಗಲಿಲ್ಲ, ಬೆರಳಿನ ವೇಗವೂ ತಗ್ಗಲಿಲ್ಲ.

ಆ ವರ್ಷ ದಸರೆಗೆ ಸ್ವಲ್ಪ ಮುಂಚೆ ಕಚೇರಿಯ ಕಂಪ್ಯೂಟರಿಗೆ ಹೊಸ ತಂತ್ರಾಂಶ ಹಾಕಿದರು. ಹಾಕಿದವನು ಸಂತೆಪೇಟೆಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಜಲಾಲುದ್ದೀನ. ಹಬ್ಬ ಮುಗಿದು ಕಚೇರಿ ತೆರೆದ ದಿನ ನಾನು ಅಲ್ಲಿಯೇ ಇದ್ದೆ. ನಮ್ಮೂರು ಕಾಲುವೆಯ ಕಟ್ಟಕಡೆಗಿದೆ. ನೀರಿನ ಪಾಳಿಯ ಆದೇಶ ಒಯ್ಯಲು ರೈತ ತಿಮ್ಮಣ್ಣ ಹೊರಟಾಗ, ಮಾತಿಗೆ ಜೊತೆಯಾಗಲೆಂದು ನನ್ನನ್ನೂ ಕರೆತಂದಿದ್ದ. ಅಚ್ಚಾದ ಆದೇಶ ಕಾಣದೆ ಕಾಲುವೆಯ ಗೇಟು ಕಾಯುವ ಬೀರಣ್ಣ ನೀರು ಬಿಡುತ್ತಿರಲಿಲ್ಲ. ಕೈಬರಹದ ಆದೇಶವನ್ನು ಯಾರೋ ತಿದ್ದಿ ಜಗಳವಾದ ಮೇಲೆ ಕಚೇರಿಯವರೇ ಹಾಗೆ ಕಟ್ಟಪ್ಪಣೆ ಮಾಡಿದ್ದರು.

ಒಳಗೆ ಹೋದರೆ ಮೋನಮ್ಮ ಮೌಸು ಹಿಡಿದು ಮೇಜಿನ ತುಂಬ ಉಜ್ಜುತ್ತಿದ್ದಳು. ಪರದೆಯ ಮೇಲಿನ ಬಾಣ ಮಿಸುಕಾಡುತ್ತಿರಲಿಲ್ಲ.

"ಹೊಸಾದು ಹಾಕೀನಿ ಅಂತ ಹೇಳಿ, ಇದ್ದದ್ದೂ ಕೆಡಿಸಿ ಹೋಗ್ಯಾನ ನೋಡ್ರಿ ಸರ್" ಎಂದಳು.

ಜಲಾಲುದ್ದೀನನನ್ನು ಕರೆಸಿದರು. ಅವನು ವೈರು ಕಿತ್ತು ಬೇರೆ ಕಡೆ ಚುಚ್ಚಿದ, ಕಂಪ್ಯೂಟರ್ ಆರಿಸಿ ಹಚ್ಚಿದ, ಬಾಣ ಕದಲಲಿಲ್ಲ. ಕೊನೆಗೆ ಮೌಸನ್ನು ಅಂಗಾತ ಮಾಡಿ ನೋಡಿ, ಕೈ ಮುಗಿದ.

"ಇದಕ್ಕ ಇಬತ್ತಿ ಹಚ್ಚಿದವರು ಯಾರ್ರಿ?"

ಖಂಡೇಪೂಜೆ, ಅಂದರೆ ಆಯುಧಪೂಜೆಯ ದಿನ ಗುಮಾಸ್ತ ಬಸವಂತ್ರಾಯ ಎಲ್ಲದಕ್ಕೂ ವಿಭೂತಿ ಬಳಿದಿದ್ದ. ಮೌಸಿನ ಹೊಟ್ಟೆಗೂ ಮೂರು ಬೆರಳು ಎಳೆದು, ಅದರ ಬೆಳಕಿನ ಕಣ್ಣನ್ನೇ ಮುಚ್ಚಿಬಿಟ್ಟಿದ್ದ.

"ಬೆನ್ನಿಗೆ ಹಚ್ಚಿದ್ರ ಕೈಗೆ ಹತ್ತತದಂತ ಹೊಟ್ಟಿಗೆ ಹಚ್ಚೀನಪ್ಪ. ದೇವರ ಕೆಲಸ, ತಪ್ಪೇನು?" ಎಂದ ಬಸವಂತ್ರಾಯ.

"ದೇವರ ಕಣ್ಣು ಮುಚ್ಚಿ ಪೂಜಿ ಮಾಡಿದಂಗಾತು" ಎಂದು ಜಲಾಲುದ್ದೀನ ಅಂಗಿಯ ತುದಿಯಿಂದ ಒರೆಸಿದ. ಬಾಣ ಓಡಾಡಿತು.

ಪೀಡೆ ತೊಲಗಿತೆಂದು ಮೋನಮ್ಮ ಆದೇಶ ಹೊಡೆಯತೊಡಗಿದಳು. ಒಂದೆರಡು ಸಾಲು ಆಗಿರಬಹುದು. ಕೀಲಿಮಣೆ ಸತ್ತಿತು. ಅವಳ ಬೆರಳು ಕುಣಿಯುತ್ತಿದ್ದವು, ಪರದೆಯ ಮೇಲೆ ಒಂದಕ್ಷರವೂ ಮೂಡಲಿಲ್ಲ.

"ಏಳಕ್ಕ, ನೋಡ್ತೀನಿ" ಎಂದು ಜಲಾಲುದ್ದೀನ ಅವಳನ್ನು ಎಬ್ಬಿಸಿ ಕುಳಿತ. ಒಂದೊಂದೇ ಕೀಲಿಯನ್ನು ಕರೆಗಂಟೆ ಒತ್ತಿದ ಹಾಗೆ ಒತ್ತಿ ಹಿಡಿದ. ಅಕ್ಷರಗಳು ಬಂದವು. "ಬರಾಕತ್ತಾವಲ್ಲ!" ಎಂದ. ಆದರೂ ಕಂಪ್ಯೂಟರನ್ನು ಆರಿಸಿ ಹಚ್ಚಿ ಎದ್ದ. ಮೋನಮ್ಮ ಕುಳಿತಳು. ಕೆಲವು ಸಾಲು ಸಾಗಿ ಮತ್ತೆ ನಿಂತಿತು.

ಕುಂಕುಮ ಒಳಗಿಳಿದಿರಬೇಕೆಂದು ಬಸವಂತ್ರಾಯ ಕೀಲಿಮಣೆಯನ್ನು ಕವುಚಿ ಬಡಿದ. ಅಕ್ಷತೆ ಉದುರಿತು, ಗುಣವಾಗಲಿಲ್ಲ. ಜಲಾಲುದ್ದೀನ ಅಂಗಡಿಯಿಂದ ಬೇರೆ ಕೀಲಿಮಣೆ ತಂದ. ಅದೂ ಹಾಗೆಯೇ. ಬಸವಂತ್ರಾಯ ಒಂಟಿ ಬೆರಳನ್ನು ಒಂದೊಂದು ಕೀಲಿಯ ಮೇಲೂ ಊರಿ ಕುಟ್ಟಿದರೆ ಅಕ್ಷರ ಬರುತ್ತಿತ್ತು, ಮೋನಮ್ಮ ಹತ್ತು ಬೆರಳಿಟ್ಟರೆ ಬರುತ್ತಿರಲಿಲ್ಲ.

"ಮೋನಮ್ಮನೋರ, ಮಷಿನ್ ಚಲೋನೇ ಅದ. ಕೈನೇ ಯಾಕೋ ಹಳೇವಾಗ್ಯಾವ" ಎಂದ ಬಸವಂತ್ರಾಯ.

"ನಿನ್ನ ಕೈ ಹೊಸಾವಲ್ಲ? ಹಂಗಾದ್ರ ನೀನೇ ಹೊಡಿ. ಬರೂ ದಸರಾಕ್ಕ ಮುಗೀತದ" ಎಂದಳು ಮೋನಮ್ಮ.

ಗದ್ದಲ ಕೇಳಿ ಸಾಹೇಬರು ಹೊರಗೆ ಬಂದರು. ಹೊಸದಾಗಿ ವರ್ಗವಾಗಿ ಬಂದ ಎಂಜಿನಿಯರು, ಕೆಟ್ಟವರಲ್ಲ, ಆದರೆ ತಾಳ್ಮೆ ಕಡಿಮೆ. "ನೋಡಿ ಮೋನಮ್ಮ, ಎಲ್ಲರಿಗೂ ಬರುತ್ತದೆ, ನಿಮಗೊಬ್ಬರಿಗೆ ಬರುವುದಿಲ್ಲ. ಕೊನೆಯ ಬಸ್ಸು ಹೊರಡುವುದರೊಳಗೆ ಈ ಆದೇಶ ಆಗದಿದ್ದರೆ ನಾಳೆಯಿಂದ ನೀವು ಟಪಾಲಿಗೆ ಕುಳಿತುಕೊಳ್ಳಿ. ಇಲ್ಲಿಗೆ ಬೇರೆಯವರನ್ನು ಹಾಕುತ್ತೇನೆ" ಎಂದು ಒಳಗೆ ಹೋದರು.

ಟಪಾಲೆಂದರೆ ಲಕೋಟೆಗೆ ಅಂಟು ಹಚ್ಚುವ ಮೂಲೆ. ಬೆಳಗಿನಿಂದ ಅವಳನ್ನು ಆ ಕುರ್ಚಿಯಿಂದ ಎಬ್ಬಿಸದವರೇ ಇರಲಿಲ್ಲ. ಎಬ್ಬಿಸಿದವರೆಲ್ಲ ತಾವು ಹೊಡೆದು ನೋಡಿದರು, ಅವಳು ಹೊಡೆಯುವುದನ್ನು ಒಬ್ಬರೂ ನೋಡಿರಲಿಲ್ಲ.

ಜಲಾಲುದ್ದೀನ ಮತ್ತೆ "ಏಳಕ್ಕ" ಎಂದ.

"ಏಳಂಗಿಲ್ಲ!" ಎಂದು ಮೋನಮ್ಮ ಮೇಜು ಗುದ್ದಿದಳು. "ಮುಂಜಾನಿಂದ ಎದ್ದೆದ್ದು ಸಾಕಾಗ್ಯದ. ನಿನ್ನ ಕೈಯಾಗ ಅದು ಕೆಟ್ಟೇ ಇಲ್ಲ, ನೀ ಹೊಡದು ಏನು ನೋಡ್ತಿ? ಕೆಡೂದು ನನ್ನ ಕೈಯಾಗ. ನಾ ಹೊಡಿತೀನಿ, ನೀ ಹಿಂದ ನಿಂತು ನೋಡು. ಮಾತಾಡಬ್ಯಾಡ."

ಜಲಾಲುದ್ದೀನ ಕಂಪ್ಯೂಟರನ್ನು ಮತ್ತೊಮ್ಮೆ ಆರಿಸಿ ಹಚ್ಚಿ, ಅವಳ ಹಿಂದೆ ನಿಂತ.

ಕರಡು ಸಾಹೇಬರ ಕೈಬರಹ. ಇರುವೆ ಮಸಿಯಲ್ಲಿ ಬಿದ್ದು ಎದ್ದು ಹೋದ ಹಾಗಿತ್ತು. ಮೋನಮ್ಮ ಬೇಗ ಬೇಗ ಹೊಡೆದು ಒಂದು ಊರಿನ ಹೆಸರಿನ ಹತ್ತಿರ ತಡೆದಳು. ಬಲಗೈಯ ಕಿರುಬೆರಳು ಶಿಫ್ಟ್ ಕೀಲಿಯ ಮೇಲೆ ಒತ್ತಿಕೊಂಡೇ ಇತ್ತು. ಅದೇನು ಅಕ್ಷರವೆಂದು ಕಣ್ಣು ಕಿರಿದು ಮಾಡಿ ಓದಿದಳು. ಆಗ ಪರದೆಯ ನಡುವೆ ಏನೋ ಕೇಳುವ ಚೀಟಿಯೊಂದು ಮೂಡಿತು. ಅವಳ ಕಣ್ಣು ಕರಡಿನ ಮೇಲಿತ್ತು. ಹೆಸರು ಹೊಳೆದು ಮುಂದುವರಿದಳು. ಜಾಗ ಬಿಡುವ ಉದ್ದನೆಯ ಕೀಲಿ ಒತ್ತಿದೊಡನೆ ಚೀಟಿ ಮಾಯವಾಯಿತು. ಅಲ್ಲಿಗೆ ಅಕ್ಷರವೂ ನಿಂತಿತು.

"ಅಕ್ಕಾ, ಬೆರಳು ಎತ್ತಬ್ಯಾಡ್ರಿ ಅಂತ ಕಲಿಸಿದವರು ಯಾರು?" ಎಂದು ಜಲಾಲುದ್ದೀನ ಕೂಗಿದ.

"ಯಾಕ? ಅಲ್ಲಾಬಕ್ಷ ಮಾಸ್ತರ್ರು. ಅವರನ್ನ್ಯಾಕ ನಡುವ ತರ್ತಿ?"

ಅವನು ಬಿಡಿಸಿ ಹೇಳಿದ. ಕೈ ನಡುಗುವವರಿಗೆಂದು ಕಂಪ್ಯೂಟರಿನಲ್ಲಿ ಒಂದು ಅನುಕೂಲವಿದೆಯಂತೆ. ಬಲಗಡೆಯ ಶಿಫ್ಟನ್ನು ಕೊಂಚ ಹೊತ್ತು ಒತ್ತಿ ಹಿಡಿದರೆ, ಆ ಅನುಕೂಲ ಬೇಕೇ ಎಂದು ಅದು ಕೇಳುತ್ತದೆ. ಉದ್ದನೆಯ ಕೀಲಿ ಒತ್ತಿದರೆ ಹೌದೆಂದು ತಿಳಿಯುತ್ತದೆ. ಆಮೇಲೆ ಕಂಪ್ಯೂಟರ್ ಆರಿಸಿ ಹಚ್ಚುವವರೆಗೆ ಒತ್ತಿ ಹಿಡಿದ ಕೀಲಿಯನ್ನಷ್ಟೇ ಲೆಕ್ಕಕ್ಕೆ ಹಿಡಿದು, ಚುರುಕಾಗಿ ಮುಟ್ಟಿ ಬಿಟ್ಟದ್ದನ್ನು ನಡುಕವೆಂದು ತಳ್ಳಿಹಾಕುತ್ತದೆ. ಹಳೆಯ ತಂತ್ರಾಂಶದಲ್ಲಿ ಅದನ್ನು ಮುಚ್ಚಿಟ್ಟಿದ್ದರು, ಹೊಸದರಲ್ಲಿ ಅದು ತಾನಾಗಿ ತೆರೆದುಕೊಂಡಿತ್ತು.

"ಅಂದ್ರ ಬಸವಂತ್ರಾಯನಂಗ ಕುಟ್ಟಿದ್ರ ಶಾಣ್ಯಾ, ನನ್ನಂಗ ಹೊಡದ್ರ ರೋಗಿ!" ಮೋನಮ್ಮ ಹಣೆ ಬಡಿದುಕೊಂಡಳು.

"ಇನ್ನ ಮ್ಯಾಲೆ ಬೆರಳು ಲಗೂ ಎತ್ತಕ್ಕ."

"ಇಷ್ಟು ವರ್ಷದ ಬೆರಳು, ಈಗ ಹೇಳಿದ್ರ ಕೇಳತದೇನು? ನಿನ್ನ ಮಷಿನ್ನಿಗೆ ಹೇಳು."

ಜಲಾಲುದ್ದೀನ ಆ ಅನುಕೂಲವನ್ನು ಮುಚ್ಚಿಹಾಕಿದ. ಮೋನಮ್ಮ ಮೊದಲಿಂದ ಹೊಡೆಯತೊಡಗಿದಳು. ಓದಲಾಗದ ಕಡೆ ಎಷ್ಟು ಹೊತ್ತು ತಡೆದರೂ ಕೀಲಿಮಣೆ ಮುನಿಯಲಿಲ್ಲ. ತಿಮ್ಮಣ್ಣ ಬಾಗಿಲಲ್ಲಿ ನಿಂತು ಬಸ್ಸಿನ ಕಡೆಗೂ ಪರದೆಯ ಕಡೆಗೂ ನೋಡುತ್ತಿದ್ದ.

ಹಾಳೆ ಹೊರಬಂತು. ಸಾಹೇಬರು ಓದಿ ಸಹಿ ಮಾಡಿದರು. "ಒಂದೂ ತಪ್ಪಿಲ್ಲವಲ್ಲ" ಎಂದರು ಮೆಲ್ಲಗೆ.

"ತಪ್ಪಿಲ್ರಿ. ಆದ್ರ ನಿಮ್ಮ ಅಕ್ಷರ ಓದೂದರಾಗ ಬೆರಳು ಅಲ್ಲೇ ನಿಲ್ತದ್ರಿ. ಸ್ವಲ್ಪ ಬಿಡಿಸಿ ಬರದ್ರ ಚಲೋ ಆಗ್ತದ."

ಸಾಹೇಬರು ನಕ್ಕುಬಿಟ್ಟರು. "ಟಪಾಲಿನ ಮಾತು ಬಿಡಿ ಮೋನಮ್ಮ. ನಾಳೆ ಇನ್ನೊಂದು ಕಾಲುವೆಯ ಪಾಳಿ ಇದೆ, ಬಿಡಿಸಿಯೇ ಬರೆಯುತ್ತೇನೆ" ಎಂದರು.

ತಿಮ್ಮಣ್ಣ ಹಾಳೆಯನ್ನು ಮಡಿಸಿ ಅಂಗಿಯ ಒಳಜೇಬಿಗೆ ಸೇರಿಸಿದ. ನಾವು ಹೊರಡುವಾಗ ಬಸವಂತ್ರಾಯ ತನ್ನದೊಂದು ಕರಡು ಹಿಡಿದು ಮೋನಮ್ಮನ ಪಕ್ಕದಲ್ಲಿ ನಿಂತಿದ್ದ. ಏಳಿ ಎನ್ನಲಿಲ್ಲ. ಅವಳು ತಲೆಯೆತ್ತುವವರೆಗೆ ಸುಮ್ಮನೆ ಕಾಯುತ್ತಿದ್ದ.