ಕಂಪ್ಯೂಟರ್ ರಿಪೇರಿಯಾದ ಮರುದಿನ

ಗೆಳೆಯರೇ, ನಾನೇ ಬಿಡಿಭಾಗ ತಂದು ಜೋಡಿಸಿದ ಕಂಪ್ಯೂಟರ್ ಕಾದು ಕೆಂಡವಾಗಿ ಆಗಾಗ ಬಂದ್ ಆಗುತ್ತಿತ್ತಲ್ಲ, ನಿನ್ನೆ ಅದನ್ನು ಬಿಚ್ಚಿದೆ. ಪ್ರೊಸೆಸರ್ ಮೇಲಿನ ಫ್ಯಾನಿಗೆ ಧೂಳು ಮೆತ್ತಿತ್ತು. ಹೊಸ ಫ್ಯಾನ್ ಹಾಕಿದೆ, ಬಿಸಿ ಎಳೆಯುವ ಪೇಸ್ಟ್ ಹಚ್ಚಿದೆ. ಎಂದಿನಂತೆ ರಾತ್ರಿಯಿಡೀ ಹಾಡು ಡೌನ್‌ಲೋಡ್ ಮಾಡಿದರೂ ಮಹಾರಾಯ ತಣ್ಣಗೆ ಕೂತಿದ್ದ.

ಬೆಳಿಗ್ಗೆ ಅವ್ವ ಹಾಲಿನ ಪಾತೇಲಿ ಹಿಡಿದು ಕಂಪ್ಯೂಟರಿನ ಮುಂದೆ ಬಂದು ನಿಂತಳು. "ನಿನ್ನೆ ಏನ್ ಮಾಡಿದ್ಯೋ ಇದಕ್ಕ? ಹಾಲು ಹಂಗ ಅದ, ಮೊಸರ ಆಗಿಲ್ಲ!"

ಆಗ ತಿಳಿಯಿತು. ನಾವಿರುವ ಕೋಥರೂಡ್ ಬಡಾವಣೆಯ ಚಳಿಗೆ ಹಾಲು ಹೆಪ್ಪಾಗುವುದಿಲ್ಲವೆಂದು ಅವ್ವ ದಿನಾ ನಾನು ಮಲಗಿದ ಮೇಲೆ ಪಾತೇಲಿಯನ್ನು ಕಂಪ್ಯೂಟರಿನ ಡಬ್ಬಿಯ ಮೇಲಿಟ್ಟು, ಎರಡಕ್ಕೂ ಸೇರಿಸಿ ಕೌದಿ ಹೊದಿಸುತ್ತಿದ್ದಳು. ನಾನು ಏಳುವ ಮೊದಲೇ ಎತ್ತಿಕೊಂಡು ಹೋಗುತ್ತಿದ್ದಳು.

"ಅವ್ವಾ, ಅದು ಸುಟ್ಟ ಹೋಗ್ತಿತ್ತು!"

"ಸುಡ್ಲಿಲ್ಲಲ್ಲ? ಆ ಗಟ್ಟಿ ಮೊಸರು ರೊಟ್ಟಿ ಜೋಡಿ ಎರಡೆರಡ ಸಲ ಹಾಕಿಸ್ಕೊಂಡು ತಿಂದಾವ ನೀನ ಅಲ್ಲೇನು?"

ಅಷ್ಟರಲ್ಲಿ ನಾವು ವಹಿನಿ (ಅತ್ತಿಗೆ) ಎನ್ನುವ ಪಕ್ಕದ ಮನೆಯ ಮರಾಠಿ ಹೆಂಗಸು ಹೆಪ್ಪಿಗೆ ಮೊಸರು ಕೇಳಲು ಬಟ್ಟಲು ಹಿಡಿದು ಬಂದರು. ಅವ್ವ ನನ್ನತ್ತ ಕೈ ತೋರಿಸಿ, ಮನೆಗೇನೋ ಸೂತಕ ಬಂದ ಹಾಗೆ ಮುಖ ಮಾಡಿ, ಮರಾಠಿಯಲ್ಲಿ ಹೇಳಿದಳು: "ಇವತ್ತು ಮೊಸರಿಲ್ಲ. ನಮ್ಮ ಕಂಪ್ಯೂಟರ್ ಕೆಟ್ಟಿದೆ."